ಮೇಟಿ ಸರಿಯಿದ್ದರೆ ಸುತ್ತು ಸರಿ

ಕಣದಲ್ಲಿ ಹಂತಿ ಕಟ್ಟಿ ತೆನೆ ತುಳಿಸುವುದನ್ನು ನೋಡಿದವರಿಗೆ ಮೇಟಿ ಗೊತ್ತಿರುತ್ತದೆ. ನಡುವೆ ನೆಟ್ಟ ಒಂದು ಕಂಬ, ಅದರ ಸುತ್ತ ಎತ್ತುಗಳು. ಎತ್ತು ಎಷ್ಟೇ ಚೆನ್ನಾಗಿ ನಡೆಯಲಿ, ಮೇಟಿ ಅಲ್ಲಾಡಿದರೆ ಸುತ್ತು ಕೆಟ್ಟ ಹಾಗೆಯೇ. ಬೀಸುವ ಕಲ್ಲಿನ ನಡುವಿನ ಗೂಟಕ್ಕೂ ಇದೇ ಮಾತು. ನಾನಿವತ್ತು ಹೇಳಹೊರಟಿರುವುದು ಲೋಹದ ಕೆಲಸದ ಮೇಟಿಯ ಕಥೆ. ಸುಮಾರು 250 ವರ್ಷದ ಕಥೆ ಇದು. ಶುರುವಾಗುವುದು ಹಡಗಿನಲ್ಲಿ, ಬಂದು ನಿಲ್ಲುವುದು ಮನೆಯ ಹಿಂದಿನ ಶೆಡ್ಡಿನಲ್ಲಿ!

ಮೊದಲು ರೋಟರಿ ಟೇಬಲ್ ಅಂದರೇನು ಅಂತ ಹೇಳಿಬಿಡುತ್ತೇನೆ. ಎರಕದ ಕಬ್ಬಿಣದ ದುಂಡು ಮೇಜು. ಒಳಗೆ ಹಲ್ಲಿನ ಚಕ್ರ, ಆ ಹಲ್ಲುಗಳಿಗೆ ಕಚ್ಚಿಕೊಂಡ ವರ್ಮ್ ಅನ್ನುವ ತಿರುಪು, ತಿರುಪಿನ ತುದಿಗೆ ಹಿಡಿಕೆ. ಚಕ್ರಕ್ಕೆ 90 ಹಲ್ಲಿದ್ದರೆ ಹಿಡಿಕೆ ಒಂದು ಸುತ್ತು ಬಂದಾಗ ಮೇಜು 4 ಡಿಗ್ರಿ ತಿರುಗುತ್ತದೆ, 72 ಹಲ್ಲಿದ್ದರೆ 5 ಡಿಗ್ರಿ. ಇದನ್ನು ಮಿಲ್ಲಿಂಗ್ ಯಂತ್ರದ ಕೆಳಗಿಟ್ಟರೆ ಹಲ್ಲಿನ ಚಕ್ರ ಕೊರೆಯಬಹುದು, ದುಂಡಗೆ ಸಮ ದೂರದಲ್ಲಿ ತೂತು ಹಾಕಬಹುದು, ಕಮಾನು ಕತ್ತರಿಸಬಹುದು.

ಆದರೆ ಮೇಜನ್ನು ಕೊಂಡು ತಂದ ಮೇಲೆಯೇ ನಿಜವಾದ ಪ್ರಶ್ನೆ ಏಳುತ್ತದೆ. ಕೆಲಸದ ತುಂಡನ್ನು ಇದರ ಮೇಲೆ ಹಿಡಿಸುವುದು ಹೇಗೆ? ಅದೂ ತುಂಡಿನ ನಡು ಮೇಜಿನ ನಡುವಿನ ಮೇಲೆಯೇ ಕೂರುವ ಹಾಗೆ? ವೃತ್ತವನ್ನು ಭಾಗ ಮಾಡುವ ವಿದ್ಯೆ ಅಂಗಡಿಯಲ್ಲಿ ಸಿಗುತ್ತದೆ, ಹಿಡಿಯುವ ವಿದ್ಯೆಯನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು. ಈ ಮಾತು ಇವತ್ತಿನದಲ್ಲ ಅಂತ ತೋರಿಸುವುದಕ್ಕೇ ಈ ಬರಹ.

18ನೇ ಶತಮಾನದ ನಡುವಿನ ಲಂಡನ್ನಿಗೆ ಹೋಗೋಣ. ಆಗ ನಡುಗಡಲಿನಲ್ಲಿ ಹಡಗು ಎಲ್ಲಿದೆ ಅಂತ ತಿಳಿಯುವ ಒಂದು ದಾರಿ, ಚಂದ್ರನಿಗೂ ಒಂದು ನಕ್ಷತ್ರಕ್ಕೂ ನಡುವಿನ ಕೋನ ಅಳೆಯುವುದು. ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ಸರಿಯುತ್ತಾನೆ. ಅಂದರೆ ಕೋನದಲ್ಲಿ ಒಂದು ಮಿನಿಟು (ಡಿಗ್ರಿಯ 60ರಲ್ಲೊಂದು ಪಾಲು, ನಮ್ಮ ಪಂಚಾಂಗದವರ ‘ಕಲೆ’) ತಪ್ಪಿದರೆ ಸಮಯದಲ್ಲಿ ಎರಡು ನಿಮಿಷ ತಪ್ಪುತ್ತದೆ, ಸಮಭಾಜಕದ ಹತ್ತಿರವಾದರೆ ಹಡಗಿನ ಜಾಗ ಸುಮಾರು 55 ಕಿಲೋಮೀಟರ್ ತಪ್ಪುತ್ತದೆ! ದಡ ಇನ್ನೂ ದೂರವಿದೆ ಅಂದುಕೊಂಡವರು ರಾತ್ರಿ ಬಂಡೆಗೆ ಬಡಿಯಲು ಅಷ್ಟು ಸಾಕು. ಕೋನ ಅಳೆಯುವ ಸೆಕ್ಸ್‌ಟೆಂಟಿನ ಹಿತ್ತಾಳೆ ಕಮಾನಿನ ಮೇಲಿನ ಗೆರೆಗಳ ಮೇಲೆ ನಾವಿಕರ ಜೀವ ನಿಂತಿತ್ತು.

ಆ ಗೆರೆಗಳನ್ನು ಕೈಯಲ್ಲೇ ಹಾಕಬೇಕಿತ್ತು. ಅದರಲ್ಲಿ ಜಾನ್ ಬರ್ಡ್ ದೊಡ್ಡ ಹೆಸರು. ಅವನ ಉಪಾಯ ಕೇಳಿ. 90 ಡಿಗ್ರಿಯನ್ನು ಅರ್ಧ ಅರ್ಧ ಮಾಡುತ್ತಾ ಹೋದರೆ ಬೇಕಾದ ಭಾಗ ಸಿಗುವುದಿಲ್ಲ. ಆದರೆ 85 ಡಿಗ್ರಿ 20 ಮಿನಿಟಿನ ಕಮಾನು ಹಿಡಿದರೆ ಅದರಲ್ಲಿ ಐದೈದು ಮಿನಿಟಿನ 1024 ಭಾಗಗಳು ಸರಿಯಾಗಿ ಕೂರುತ್ತವೆ. ಹತ್ತು ಸಲ ಅರ್ಧ ಮಾಡಿದರೆ ಮುಗಿಯಿತು. ಬಿಸಿಯಾದರೆ ಲೋಹ ಹಿಗ್ಗುತ್ತದೆ ಅಂತ ಕೈವಾರವನ್ನೂ ಹಿತ್ತಾಳೆಯನ್ನೂ ಒಂದೇ ತಾಪಕ್ಕೆ ಬರಿಸಿ ಕೆಲಸ ಮಾಡುತ್ತಿದ್ದ. ಬ್ರಿಟನ್ನಿನ ರೇಖಾಂಶ ಮಂಡಳಿ ಅವನಿಗೆ 500 ಪೌಂಡ್ ಕೊಟ್ಟು, ಶಿಷ್ಯನೊಬ್ಬನಿಗೆ ಕಲಿಸಬೇಕು, ವಿಧಾನವನ್ನು ಬರೆದು ಕೊಡಬೇಕು ಅಂತ ಷರತ್ತು ಹಾಕಿತು. 1767ರಲ್ಲಿ ಆ ಪುಸ್ತಕ ಅಚ್ಚಾಯಿತು. ಗುಟ್ಟೇನೋ ಬಯಲಾಯಿತು, ಆದರೆ ಬರ್ಡನ ಕೈ ಎಲ್ಲರಿಗೂ ಎಲ್ಲಿಂದ ಬರಬೇಕು?

ಉತ್ತರ ಕೊಟ್ಟವನು ಜೆಸ್ಸಿ ರಾಮ್ಸ್‌ಡನ್. ಯಾರ್ಕ್‌ಶೈರಿನ ಹ್ಯಾಲಿಫ್ಯಾಕ್ಸ್ ಕಡೆಯವನು, ಹುಟ್ಟಿದ್ದು 1735ರಲ್ಲಿ. ಅವನು ಮಾಡಿದ ಯಂತ್ರದಲ್ಲಿ 45 ಇಂಚು ಅಗಲದ ದುಂಡು ಚಕ್ರ, ಅಂಚಿನಲ್ಲಿ 2160 ಹಲ್ಲು, ಹಲ್ಲಿಗೆ ಕಚ್ಚಿಕೊಂಡ ತಿರುಪು. ತಿರುಪು ಒಂದು ಸುತ್ತು ಬಂದರೆ ಚಕ್ರ ಸರಿಯುವುದು ಹತ್ತೇ ಮಿನಿಟು. ಆರು ಸುತ್ತಿಗೆ ಒಂದು ಡಿಗ್ರಿ. ಕಾಲಲ್ಲಿ ಹಲಗೆ ಒತ್ತುವುದು, ಕೈಯಲ್ಲಿ ಗೆರೆ ಎಳೆಯುವುದು, ಅಷ್ಟೇ. ನಮ್ಮ ರೋಟರಿ ಟೇಬಲ್ಲಿನ ಹೊಟ್ಟೆಯಲ್ಲಿ ಇರುವುದೂ ಇದೇ ಜೋಡಿ, ಹಲ್ಲಿನ ಲೆಕ್ಕ ಮಾತ್ರ ಬೇರೆ.

ಇಲ್ಲೂ ಮಂಡಳಿ ಸುಮ್ಮನೆ ದುಡ್ಡು ಕೊಡಲಿಲ್ಲ. ಒಟ್ಟು 615 ಪೌಂಡ್: 300 ಪೌಂಡ್ ಯಂತ್ರ ಮಾಡಿದ್ದಕ್ಕೆ, 315 ಪೌಂಡ್ ಅದರ ಹಕ್ಕನ್ನು ಬಿಟ್ಟುಕೊಟ್ಟದ್ದಕ್ಕೆ. ಯಂತ್ರ ಅವನ ಹತ್ತಿರವೇ ಇರಲಿ, ಆದರೆ ಬೇರೆ ಕುಶಲಕರ್ಮಿಗಳು ತಂದ ಆಕ್ಟೆಂಟಿಗೆ 3 ಶಿಲ್ಲಿಂಗ್, ಸೆಕ್ಸ್‌ಟೆಂಟಿಗೆ 6 ಶಿಲ್ಲಿಂಗ್ ತಗೊಂಡು ಗೆರೆ ಹಾಕಿಕೊಡಬೇಕು. 1775ರಿಂದ 1777ರವರೆಗೆ ಎರಡು ವರ್ಷ, ಹತ್ತು ಜನರವರೆಗೆ ಕಲಿಸಬೇಕು. ಯಂತ್ರದ ಪೂರ್ತಿ ವಿವರ ಬರೆದು ಕೊಡಬೇಕು. ಆ ವಿವರ 1777ರಲ್ಲಿ ಚಿತ್ರಗಳ ಸಮೇತ ಅಚ್ಚಾಯಿತು. ಸಾರ್ವಜನಿಕರ ಹಣದಿಂದ ಒಂದು ಕಾರ್ಖಾನೆಯ ಗುಟ್ಟನ್ನು ಕೊಂಡು ಊರಿಗೇ ಹಂಚಿದ ಹಾಗಾಯಿತು. ನನಗೆ ಆ ಯಂತ್ರದಷ್ಟೇ ಈ ಕರಾರೂ ದೊಡ್ಡದಾಗಿ ಕಾಣುತ್ತದೆ.

ಈಗ ಮೇಟಿಗೆ ಬರೋಣ. ಆ ವಿವರಣೆಯಲ್ಲಿ ಹಲ್ಲು ಕೊರೆದದ್ದು, ತಿರುಪು ಮಾಡಿದ್ದು ಎಲ್ಲ ಇದೆ. ಜೊತೆಗೆ ಓದುವವರು ದಾಟಿಕೊಂಡು ಹೋಗಬಹುದಾದ ಒಂದು ಸಣ್ಣ ವಿಷಯವೂ ಇದೆ. ಚಕ್ರದ ನಡುವೆ ಒಂದು ಕುಳಿ. ಆ ಕುಳಿಗೆ ಸರಿಯಾಗಿ ಕೂರುವಂತೆ ಅರೆದು ಮಾಡಿದ ಹಲವು ಉಕ್ಕಿನ ಗೂಟಗಳು. ಎಲ್ಲದರ ಕೆಳಭಾಗ ಒಂದೇ, ಮೇಲೆ ಕಾಣುವ ಭಾಗ ಮಾತ್ರ ಬೇರೆ ಬೇರೆ ದಪ್ಪ. ಸೆಕ್ಸ್‌ಟೆಂಟಿನ ನಡು ತೂತು ಯಾವುದಕ್ಕೆ ಬಿಗಿಯಾಗಿ ಕೂರುತ್ತದೋ ಆ ಗೂಟ ಹಾಕಿ, ಚಕ್ರದ ಅರಗಳಲ್ಲಿನ ತೂತುಗಳಿಗೆ ತಿರುಪು ಹಾಕಿ ಬಿಗಿಯುವುದು. 2160 ಹಲ್ಲಿನ ಯಂತ್ರ ಮಾಡಿದವನು ಕೂಡ ಬಂದ ಕೆಲಸಕ್ಕೆ ತಕ್ಕ ಗೂಟ ಮಾಡಿಕೊಳ್ಳುವುದರಿಂದ ತಪ್ಪಿಸಿಕೊಳ್ಳಲಿಲ್ಲ!

ಗೂಟಕ್ಕೆ ಯಾಕೆ ಇಷ್ಟು ಮರ್ಯಾದೆ? ಲೆಕ್ಕ ಹಾಕಿ ನೋಡಿ. 25 ಮಿಲಿಮೀಟರ್ ತ್ರಿಜ್ಯದ ಒಂದು ಪುಟ್ಟ ಚಕ್ರ. ಅದರ ನಡು ಮೇಜಿನ ನಡುವಿನಿಂದ 0.1 ಮಿಲಿಮೀಟರ್ ಆಚೆ ಕೂತಿದೆ, ಅಂದರೆ ಒಂದು ಹಾಳೆಯ ದಪ್ಪದಷ್ಟು. 0.1ನ್ನು 25ರಿಂದ ಭಾಗಿಸಿ ಡಿಗ್ರಿಗೆ ತಿರುಗಿಸಿದರೆ ಸುಮಾರು 14 ಮಿನಿಟಿನವರೆಗೆ ತಪ್ಪು. ರಾಮ್ಸ್‌ಡನ್ನನ ತಿರುಪಿನ ಒಂದು ಪೂರ್ತಿ ಸುತ್ತಿಗಿಂತ ಹೆಚ್ಚು! ಹಲ್ಲುಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಬೀಳುತ್ತವೆ. ಮೇಜು ಎಷ್ಟೇ ದುಬಾರಿಯದಾಗಿರಲಿ, ಹಿಡಿದದ್ದು ಓರೆಯಾದರೆ ಅದರ ನಿಖರತೆ ವ್ಯರ್ಥ.

ಈ ಕಥೆಗೆ ನಮ್ಮ ಕಡೆಯದೂ ಒಂದು ಕೊಂಡಿ ಇದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ನೆಲ ಅಳೆದದ್ದು ರಾಮ್ಸ್‌ಡನ್ ಮಾಡಿದ್ದ ಉಕ್ಕಿನ ಸರಪಳಿಯಿಂದ. ಆಮೇಲೆ ಕೋನ ಅಳೆಯಲು ಇಂಗ್ಲೆಂಡಿನಿಂದ ತರಿಸಿದ ದೊಡ್ಡ ಥಿಯೋಡೊಲೈಟನ್ನು ಮಾಡಿದವನು ವಿಲಿಯಂ ಕ್ಯಾರಿ, ರಾಮ್ಸ್‌ಡನ್ನನ ಶಿಷ್ಯ. ಅದರ ಅಡ್ಡ ಚಕ್ರದ ಅಗಲ 36 ಇಂಚು, ಒಟ್ಟು ತೂಕ ಸುಮಾರು ಅರ್ಧ ಟನ್. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಅದನ್ನು ಹಗ್ಗ ಕಟ್ಟಿ ಏರಿಸುವಾಗ ಹಗ್ಗ ಕಿತ್ತು ಯಂತ್ರ ಗೋಡೆಗೆ ಅಪ್ಪಳಿಸಿತು. ಗೆರೆ ಹಾಕಿದ ಚಕ್ರವೇ ಸೊಟ್ಟಗಾಯಿತು. ರಿಪೇರಿ ಮಾಡಬಲ್ಲವರು ಇದ್ದದ್ದು ಲಂಡನ್ನಿನಲ್ಲಿ!

ಲ್ಯಾಂಬ್ಟನ್ ಏನು ಮಾಡಿದ ಗೊತ್ತೇ? ಬಾಗಿಲು ಹಾಕಿಕೊಂಡು ಕೂತ. ಒಂದು ದೊಡ್ಡ ಸಮತಟ್ಟಾದ ಹಲಗೆಯಲ್ಲಿ ಚಕ್ರ ಎಷ್ಟಿರಬೇಕೋ ಅಷ್ಟೇ ಅಳತೆಯ ವೃತ್ತವನ್ನು ಕತ್ತರಿಸಿದ. ಸೊಟ್ಟಾದ ಚಕ್ರವನ್ನು ಅದರೊಳಗಿಟ್ಟು ಬೆಣೆ, ತಿರುಪು, ರಾಟೆಗಳಿಂದ ಸ್ವಲ್ಪ ಸ್ವಲ್ಪವೇ ಎಳೆದು ಆ ವೃತ್ತಕ್ಕೆ ಕೂರಿಸಿದ. ಬಾಗಿದ್ದ ಅರಗಳನ್ನು ಸಣ್ಣ ಮರದ ಸುತ್ತಿಗೆಗಳಿಂದ ತಟ್ಟಿ ನೇರ ಮಾಡಿದ. ಆರು ವಾರ ಹಿಡಿಯಿತು. ಚಕ್ರ ಮೊದಲಿನ ರೂಪಕ್ಕೆ ಹತ್ತಿರ ಬಂತು, ಸರ್ವೆ ಮುಂದುವರಿಯಿತು. ಮರದ ಹಲಗೆಯೇ ಅಲ್ಲಿ ಹಿಡಿಯುವ ಸಾಧನ. ಅದನ್ನು ಯಾರೂ ಮಾರುತ್ತಿರಲಿಲ್ಲ, ಆ ಕೆಲಸಕ್ಕಾಗಿಯೇ ಮಾಡಿಕೊಂಡದ್ದು.

ಅಲ್ಲಿಂದ ಮುಂದೆ ಹಿಡಿಯುವ ಸಾಧನಗಳು ನಿಧಾನವಾಗಿ ಒಂದು ಪದ್ಧತಿಗೆ ಬಂದವು. ಲಂಡನ್ನಿನ ಹೋಲ್ಟ್‌ಸಾಫೆಲ್ ಮನೆತನ ಹವ್ಯಾಸಕ್ಕೆ ಲೇತು ಹಿಡಿದ ಶ್ರೀಮಂತರಿಗೆ ಯಂತ್ರಗಳನ್ನೂ ಬಗೆಬಗೆಯ ಚಕ್‌ಗಳನ್ನೂ ಮಾಡಿ ಮಾರುತ್ತಿತ್ತು. 1843ರಿಂದ 1884ರವರೆಗೆ ಐದು ಸಂಪುಟಗಳಲ್ಲಿ ಆ ವಿದ್ಯೆಯನ್ನು ಅಚ್ಚು ಮಾಡಿತು. ಅಮೆರಿಕದಲ್ಲಿ ಅಂತರ್ಯುದ್ಧದ ಸಮಯ, ಬಂದೂಕಿನ ಭಾಗಗಳಿಗೆ ತೂತು ಹಾಕಲು ತಿರುಚಿದ ಡ್ರಿಲ್ಲುಗಳು ಬೇಕಿದ್ದವು. ಅದರ ಗಾಡಿ ಕೊರೆಯಲೆಂದು ಜೋಸೆಫ್ ಬ್ರೌನ್ 1862ರಲ್ಲಿ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರ ಮಾಡಿದ. ಕೆಲಸವನ್ನು ಹಿಡಿದು ಲೆಕ್ಕಕ್ಕೆ ತಿರುಗಿಸುವ ತಲೆ ಅದರ ಭಾಗವೇ ಆಯಿತು. ಅದೇ ದಶಕದಲ್ಲಿ ಡ್ರಿಲ್ಲು ಮಾಡುತ್ತಿದ್ದ ಸ್ಟೀಫನ್ ಮೋರ್ಸನ ಹೆಸರಿನಿಂದ ಮೋರ್ಸ್ ಟೇಪರ್ ಬಂತು. 20ಕ್ಕೆ ಸುಮಾರು 1ರಷ್ಟು ಇಳಿಜಾರು. ಎಷ್ಟು ಸಲ ತೆಗೆದು ಹಾಕಿದರೂ ತಾನಾಗಿ ನಡುವಿಗೇ ಬಂದು ಕೂರುತ್ತದೆ. ಇವತ್ತು ಬಹಳಷ್ಟು ರೋಟರಿ ಟೇಬಲ್ಲುಗಳ ನಡುವಿನ ತೂತು ಇದೇ ಟೇಪರಿನದು. ರಾಮ್ಸ್‌ಡನ್ನನ ಕುಳಿಯ ಮೊಮ್ಮಗ ಅನ್ನಿ :)

ಶ್ರೀಮಂತರ ಈ ಹವ್ಯಾಸ ಸಾಮಾನ್ಯರ ಮನೆಗೆ ಬಂದದ್ದು 1898ರ ಸುಮಾರಿಗೆ. ಆ ವರ್ಷ ಪರ್ಸಿವಲ್ ಮಾರ್ಷಲ್ ಲಂಡನ್ನಿನಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರು ಮಾಡಿದ. ಹಗಲು ಬೇರೆ ಕೆಲಸ ಮಾಡಿ ಸಂಜೆ ಶೆಡ್ಡಿನಲ್ಲಿ ಪುಟ್ಟ ಉಗಿ ಎಂಜಿನ್ ಕಟ್ಟುವವರಿಗೆ ಅದು ಗುರು. ಮಂಡಳಿ 615 ಪೌಂಡ್ ಕೊಟ್ಟು ಬಯಲು ಮಾಡಿಸಿದಂಥ ವಿದ್ಯೆ ಈಗ ಪತ್ರಿಕೆಯ ಬೆಲೆಗೆ ಸಿಕ್ಕಿತು.

ಅಂಥ ಮನೆ ಕಾರ್ಖಾನೆಯವರು ತಮ್ಮ ರೋಟರಿ ಟೇಬಲ್ಲಿಗೆ ಮಾಡಿಕೊಳ್ಳುವುದೇನು? ಪಟ್ಟಿ ಚಿಕ್ಕದು.

ಮೊದಲನೆಯದು ನಡು ಗೂಟ. ಕೆಳಗೆ ಟೇಪರ್, ಮೇಲೆ ದಪ್ಪ ಮೆದು ಉಕ್ಕು. ಇದನ್ನು ಮೇಜಿಗೆ ಹಾಕಿ, ಕೆಳಗಿನಿಂದ ಬೋಲ್ಟು ಬಿಗಿದು, ಕಟ್ಟರನ್ನು ಪಕ್ಕಕ್ಕಿಟ್ಟು ಮೇಜನ್ನೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದರೆ ಗೂಟ ದುಂಡಗಾಗುತ್ತದೆ. ಮೇಜು ತನ್ನ ಮೇಟಿಯನ್ನು ತಾನೇ ಕೆತ್ತಿಕೊಂಡ ಹಾಗೆ! ಬೇರೆ ಕಡೆ ಎಷ್ಟು ಚೆನ್ನಾಗಿ ಮಾಡಿ ತಂದರೂ ಈ ನಂಬಿಕೆ ಬರುವುದಿಲ್ಲ.

ಎರಡನೆಯದು ಚಕ್ ಕೂರಿಸುವ ತಟ್ಟೆ. ಲೇತಿನ ಮೂರು ದವಡೆಯ ಚಕ್ಕನ್ನು ಮೇಜಿಗೆ ಹಿಡಿಸಲು ನಡುವೆ ಒಂದು ಉಕ್ಕಿನ ತಟ್ಟೆ ಬೇಕು. ಚಕ್ಕಿನ ಹಿಂದಿನ ತಗ್ಗಿಗೆ ಸರಿಯಾಗಿ ಕೂರುವ ಏರನ್ನು ತಟ್ಟೆಯ ಮೇಲೆ ಮೇಲಿನ ಉಪಾಯದಲ್ಲೇ ಕೊರೆಯುವುದು.

ಮೂರನೆಯದು ಅಲ್ಯೂಮಿನಿಯಂ ಹಲಗೆ. ತುಂಬ ಮರೆಯುಳ್ಳ ತೂತುಗಳಿರುತ್ತವೆ. ತೆಳು ತುಂಡುಗಳನ್ನು ಇದರ ಮೇಲೆ ಬಿಗಿದರೆ ಕಟ್ಟರು ತಪ್ಪಿ ಕೆಳಗಿಳಿದರೂ ಮೇಜಿಗೆ ಗಾಯವಾಗುವುದಿಲ್ಲ. ಗೀರಾದರೆ ಹಲಗೆಗಾಯಿತು, ಬಿಡಿ. ಲ್ಯಾಂಬ್ಟನ್ನನ ಹಲಗೆಯ ನೆಂಟ ಇದು.

ನಾಲ್ಕನೆಯದು ಟಿ-ನಟ್ಟು ಮತ್ತು ಕ್ಲ್ಯಾಂಪು. ಮೇಜಿನ ಮೇಲೆ ಟಿ ಆಕಾರದ ಗಾಡಿಗಳಿರುತ್ತವಲ್ಲ, ಅದರೊಳಗೆ ಜಾರುವ ನಟ್ಟು. ಇದಕ್ಕೆ ಮರೆಯನ್ನು ಆರುಪಾರು ಹಾಕಬಾರದು, ಕೊನೆಯಲ್ಲಿ ಸ್ವಲ್ಪ ಬಿಡಬೇಕು. ಇಲ್ಲದಿದ್ದರೆ ಬೋಲ್ಟಿನ ತುದಿ ಗಾಡಿಯ ತಳಕ್ಕೆ ತಾಗಿ, ಬಿಗಿದಷ್ಟೂ ನಟ್ಟು ಮೇಲಕ್ಕೆ ಒತ್ತಿ, ಎರಕದ ಕಬ್ಬಿಣದ ತುಟಿ ಮುರಿದುಹೋಗುತ್ತದೆ. ಕ್ಲ್ಯಾಂಪಿಗೆ ಹಳೆಯ ನಿಯಮ: ಬೋಲ್ಟು ಕೆಲಸದ ಹತ್ತಿರ, ಆಧಾರದ ತುಂಡು ದೂರ, ಆಧಾರ ಕೂದಲೆಳೆಯಷ್ಟು ಎತ್ತರ.

ನೋಡಿದಿರಲ್ಲ, ಇದರಲ್ಲಿ ಯಾವುದೂ ರಾಮ್ಸ್‌ಡನ್ನನಿಗೆ ಅಪರಿಚಿತವಲ್ಲ. ಈಗ ಕಂಪ್ಯೂಟರ್ ಮೋಟಾರು ತಾನೇ ಲೆಕ್ಕ ಹಾಕಿ ಮೇಜನ್ನು ತಿರುಗಿಸುತ್ತದೆ, ಹಿಡಿಕೆಯ ಸುತ್ತು ಎಣಿಸುವ ಗೋಜೇ ಇಲ್ಲ. ಆದರೆ ಮೇಜಿನ ಮೇಲೆ ತುಂಡು ಎಲ್ಲಿ ಕೂತಿದೆ ಅನ್ನುವುದನ್ನು ಮೋಟಾರು ಕೇಳುವುದಿಲ್ಲ. ಓರೆಯಾಗಿ ಕೂತಿದ್ದರೆ ಓರೆಯಾಗಿಯೇ, ತುಂಬ ನಿಖರವಾಗಿ, ಕೊರೆಯುತ್ತದೆ.

ಕೊನೆಯದಾಗಿ ಒಂದು ಆಸೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದ ನಾಡು ನಮ್ಮದು. ಲೇತು, ಮಿಲ್ಲಿಂಗ್ ಯಂತ್ರಗಳ ಮುಂದೆ ಬದುಕು ಕಳೆದ ಕನ್ನಡಿಗರು ಎಷ್ಟೋ ಜನ. ಅವರ ಕೈಯಲ್ಲಿರುವ ಇಂಥ ಸಣ್ಣ ಉಪಾಯಗಳು ಕನ್ನಡದಲ್ಲಿ ಬರಹಕ್ಕೆ ಇಳಿದದ್ದು ನನ್ನ ಕಣ್ಣಿಗೆ ಬಿದ್ದಿರುವುದು ತೀರಾ ಕಡಿಮೆ. ನಮಗೆ 615 ಪೌಂಡ್ ಕೊಡುವ ಮಂಡಳಿಯೇನೂ ಬೇಕಿಲ್ಲ, ಬರೆಯುವುದಕ್ಕೆ ಜಾಗ ಪುಕ್ಕಟೆ ಸಿಗುತ್ತಿದೆ. ನಿಮ್ಮ ಮನೆಯಲ್ಲಿ ಅಪ್ಪನೋ ಮಾವನೋ ಅಂಥ ಕೆಲಸ ಮಾಡಿದವರಿದ್ದರೆ ಒಂದು ಸಂಜೆ ಹತ್ತಿರ ಕೂತು ಕೇಳಿ, ಬರೆದಿಡಿ. ಅವರು ಕೆಲಸವನ್ನು ಹೇಗೆ ಹಿಡಿಸುತ್ತಿದ್ದರು, ಆ ಸಾಧನಕ್ಕೆ ಏನನ್ನುತ್ತಿದ್ದರು ಅಂತ ನನಗೂ ತಿಳಿಸಿ. ಕಾಯುತ್ತಿರುತ್ತೇನೆ.