ಕರೆಂಟಿಗೂ ಭೂಮಿತಾಯಿಗೂ ಇರುವ ನಂಟು



ಕರೆಂಟಿನ ಚರಿತ್ರೆ ಅಂದಕೂಡಲೇ ನಮ್ಮ ನಾಡಿನವರಿಗೆ ನೆನಪಾಗುವುದು ಶಿವನಸಮುದ್ರ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆಯಿಂದ 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನಲ್ಲಿ ದೀಪ ಹತ್ತಿತು. ಕಂಬದ ಮೇಲೆ ತಂತಿ ಎಳೆದ ಕಥೆ ಎಲ್ಲರಿಗೂ ಗೊತ್ತು. ನೆಲದೊಳಗೆ ಇಳಿಯುವ ತಂತಿಯ ಕಥೆ ಹೇಳುವವರು ಕಡಿಮೆ. ಅದೇ ಅರ್ಥಿಂಗ್, ಅಂದರೆ ಭೂಸಂಪರ್ಕ.

ಇನ್ಸುಲೇಟರ್ ಒಡೆದು ಕರೆಂಟು ಕಂಬಕ್ಕೋ ಟಿ.ಸಿ. ಪೆಟ್ಟಿಗೆಗೋ ಇಳಿದರೆ, ಅದಕ್ಕೆ ನೆಲ ಸೇರಲು ಸಲೀಸಾದ ದಾರಿ ಬೇಕು. ದಾರಿ ಚೆನ್ನಾಗಿದ್ದರೆ ಕರೆಂಟು ಜೋರಾಗಿ ಹರಿದು ಫ್ಯೂಸ್ ಹೋಗುತ್ತದೆ, ಲೈನು ನಿಲ್ಲುತ್ತದೆ. ಇಲ್ಲವಾದರೆ ಮುಟ್ಟಿದವನ ಮೈಯೇ ಅದಕ್ಕೆ ದಾರಿ.

ಇದಕ್ಕಾಗಿಯೇ 1956ರ ಭಾರತೀಯ ವಿದ್ಯುತ್ ನಿಯಮಗಳು ಹೈವೋಲ್ಟೇಜ್ ಉಪಕರಣಗಳ ಲೋಹದ ಭಾಗಗಳಿಗೆ ಎರಡು ಪ್ರತ್ಯೇಕ ಭೂಸಂಪರ್ಕ ಇರಬೇಕೆಂದು ವಿಧಿಸಿದವು. ಒಂದು ಕಡಿದರೂ ಇನ್ನೊಂದು ಕಾಯಲಿ ಎಂಬ ಮುನ್ನೆಚ್ಚರಿಕೆ ಇದು. 1966ರಲ್ಲಿ ಅರ್ಥಿಂಗ್ ಮಾಡುವ ಕ್ರಮಕ್ಕೆ ಐ.ಎಸ್. 3043 ಎಂಬ ಮಾನಕ ಬಂತು. ಹಳೆಯ ನಿಯಮಗಳ ಜಾಗಕ್ಕೆ 2010ರಲ್ಲಿ, ಮತ್ತೆ 2023ರಲ್ಲಿ ಹೊಸ ನಿಯಮಾವಳಿಗಳು ಬಂದರೂ ಎರಡು ಭೂಸಂಪರ್ಕದ ಮಾತು ಬಿಟ್ಟುಹೋಗಲಿಲ್ಲ.

ಸಬ್‌ಸ್ಟೇಷನ್ ಅಂಗಳದಲ್ಲಿ ಜಲ್ಲಿ ಹರಡಿರುವುದು ಚೆಂದಕ್ಕಲ್ಲ. ನೆಲದಡಿ ಲೋಹದ ಪಟ್ಟಿಗಳ ಬಲೆ ಇರುತ್ತದೆ. ಮೇಲಿನ ಜಲ್ಲಿ ಪಾದದ ಮೂಲಕ ಮೈಗೆ ಕರೆಂಟು ಏರದಂತೆ ತಡೆಯುತ್ತದೆ. ನೆಲಕ್ಕೆ ಕರೆಂಟು ಇಳಿದಾಗ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಉಂಟಾಗುತ್ತದೆ. ದನಗಳ ಮುಂಗಾಲು ಹಿಂಗಾಲು ದೂರ ದೂರ ಇರುವುದರಿಂದ ಅವಕ್ಕೆ ಅಪಾಯ ಹೆಚ್ಚು.

ನಮ್ಮ ಹೊಲಗಳ ಮೇಲೆ ಹಾದುಹೋಗುವ ಲೈನಿನಲ್ಲಿ 11,000 ವೋಲ್ಟ್ ಇರುತ್ತದೆ. ಆದ್ದರಿಂದ ಕಂಬಕ್ಕಾಗಲಿ ಸ್ಟೇ ತಂತಿಗಾಗಲಿ ದನ ಕಟ್ಟಬೇಡಿ. ಟಿ.ಸಿ.ಯ ಅರ್ಥ್ ತಂತಿ ಕಡಿದಿದ್ದರೆ ತಾವೇ ಕೈಹಾಕದೆ ಲೈನ್‌ಮನ್‌ಗೆ ತಿಳಿಸಿ. ಪಂಪ್‌ಸೆಟ್ಟಿನ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ತಂತಿ ಬಿದ್ದಿದ್ದರೆ ಹತ್ತು ಮೀಟರಿಗಿಂತ ಹತ್ತಿರ ಯಾರನ್ನೂ ಬಿಡಬೇಡಿ. ಹತ್ತಿರವೇ ಸಿಕ್ಕಿಕೊಂಡವರು ಓಡದೆ, ಪಾದಗಳನ್ನು ಜೋಡಿಸಿಕೊಂಡು ನೆಲಬಿಡದಂತೆ ಜರುಗಬೇಕು.

ಸಹಕಾರ ಅಂದರೆ ಸಾಲ, ಗೊಬ್ಬರ ಮಾತ್ರವಲ್ಲ. ಒಬ್ಬರ ಜೀವಕ್ಕೆ ಇನ್ನೊಬ್ಬರು ಕಾವಲಿರುವುದೂ ಸಹಕಾರವೇ. ಬೆಳ್ಳಿಹಬ್ಬದ ಈ ವರ್ಷ ಪ್ರತಿ ಸದಸ್ಯರೂ ತಮ್ಮ ಪಂಪ್‌ಸೆಟ್ಟಿನ ಅರ್ಥಿಂಗನ್ನು ತಿಳಿದವರಿಂದ ಒಮ್ಮೆ ಪರೀಕ್ಷೆ ಮಾಡಿಸಲಿ ಎಂದು ಕೋರುತ್ತೇನೆ.