ಔಷಧದಾನ: ಅಂದಿನ ದತ್ತಿ, ಇಂದಿನ ಮೊರೆ

ಗೃಹಸ್ಥನಾದ ಶ್ರಾವಕನು ಆಚರಿಸಬೇಕಾದ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಈ ನಾಲ್ಕು ದಾನಗಳು ಕರ್ನಾಟಕದ ಶಾಸನಗಳಲ್ಲಿ ದಾನಿಗಳ ಬಿರುದಿನೊಳಗೇ ಸೇರಿವೆ. ಹೊಯ್ಸಳ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮೀಮತಿಯನ್ನು ಶ್ರವಣಬೆಳಗೊಳದ ಶಾಸನವು ಈ ದಾನಗಳಲ್ಲಿಯೇ ಸಂತೋಷ ಕಾಣುವವಳೆಂದು ಹೊಗಳಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಔಷಧದಾನಕ್ಕೆ ವೃಷಭಸೇನೆಯನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ.

ಜೈನರ ಔಷಧದಾನವು ಹಣ ಕೊಡುವುದರಲ್ಲಿಯೇ ಮುಗಿಯಲಿಲ್ಲ, ವಿದ್ಯೆಯಾಗಿಯೂ ಬೆಳೆಯಿತು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಕೀರ್ತಿವರ್ಮನ ಗೋವೈದ್ಯವೂ ಮಂಗರಾಜನ ಖಗೇಂದ್ರಮಣಿದರ್ಪಣವೂ ಆ ವಿದ್ಯೆಯನ್ನು ಕನ್ನಡಕ್ಕೆ ತಂದವು.

ದಾನವು ಸ್ಥಿರವಾಗಿ ನಡೆಯಬೇಕೆಂಬುದು ಹಿರಿಯರ ಇನ್ನೊಂದು ಎಚ್ಚರ. ಮಾಗಡಿಯ ನೆರೆಯ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ಬಾದಾಮಿ ಚಾಲುಕ್ಯ ವಿಜಯಾದಿತ್ಯನು ಶಕ 651ರಲ್ಲಿ, ಅಂದರೆ ಕ್ರಿ.ಶ. 729ರ ಸುಮಾರಿಗೆ, ಅಲ್ಲಿಯ ಶಂಖ ಜಿನಾಲಯದ ಹಿತಕ್ಕಾಗಿ ಉದಯದೇವ ಪಂಡಿತರಿಗೆ ಒಂದು ಗ್ರಾಮವನ್ನು ಬಿಟ್ಟನೆಂದು ಶಾಸನ ಹೇಳುತ್ತದೆ. ಈಗ ದೊರೆತಿರುವ ಶಿಲೆಯು ಮೂಲದ ನಂತರ ಕೆತ್ತಿದ್ದೆಂಬುದು ವಿದ್ವಾಂಸರ ಅಭಿಪ್ರಾಯ. ಆದರೂ ದತ್ತಿಯ ಕ್ರಮ ಸ್ಪಷ್ಟವಾಗಿದೆ: ಗ್ರಾಮದ ಹುಟ್ಟುವಳಿ ವರ್ಷ ವರ್ಷವೂ ಬರಬೇಕು, ಧರ್ಮಕಾರ್ಯಕ್ಕಾಗಿ ಪ್ರತಿಸಲ ಕೈಯೊಡ್ಡುವಂತಾಗಬಾರದು.

ರೋಗಿಗಳ ವಿಷಯದಲ್ಲಿಯೂ ಇದೇ ಕ್ರಮವಿದ್ದುದಕ್ಕೆ ಬಳ್ಳಿಗಾವೆಯ ಶೈವರ ಕೋಡಿಯಮಠ ಸಾಕ್ಷಿ. 1162ರ ಶಾಸನವು ಅದನ್ನು ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದು ವರ್ಣಿಸುತ್ತದೆ. ಅಲ್ಲಿ ದತ್ತಿ ಮೊದಲು, ರೋಗಿ ಅನಂತರ. ಕರುಣೆಯ ಈ ಕ್ರಮ ಯಾವುದೋ ಒಂದು ಮತದ ಸ್ವತ್ತಾಗಿರಲಿಲ್ಲ.

ಇಂದು ಕ್ರಮ ತಿರುವುಮುರುವಾಗಿದೆ. ರೋಗ ಮೊದಲು, ಮೊರೆ ಆಮೇಲೆ, ಹಣ ಕೊನೆಗೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ, ಶಿಶುಗಳ ಸ್ನಾಯುಗಳನ್ನು ಕುಂದಿಸುವ ಕಾಯಿಲೆಗೆ ಒಂದೇ ಸಲ ಕೊಡುವ ಜೀನ್ ಚಿಕಿತ್ಸೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ದೊರೆಯಿತು. ಅದಕ್ಕಾಗಿ ಭಾರತದ ಕುಟುಂಬಗಳು ಸುಮಾರು 16 ಕೋಟಿ ರೂಪಾಯಿ ಕೂಡಿಸಬೇಕಾಯಿತು. ಕೇಂದ್ರ ಸರಕಾರವು 2021ರಲ್ಲಿ ಅಪರೂಪದ ಕಾಯಿಲೆಗಳ ನೀತಿಯನ್ನು ತಂದು, 2022ರಲ್ಲಿ ನೆರವಿನ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿತು. ಉಳಿದ ಅಂತರಕ್ಕೆ ಜನರ ಕರುಣೆಯೇ ಗತಿ. ಕರ್ನಾಟಕದ ಒಂದು ಮಗುವಿಗೆ 2021ರಲ್ಲಿ ಈ ಔಷಧ ದೊರೆತದ್ದು ತಯಾರಕ ಕಂಪನಿಯ ಲಾಟರಿಯಿಂದ. ಒಂದು ಮಗು ಬದುಕಿಗೆ ದಾರಿ ಕಂಡಿತೆಂಬುದು ಸಂತೋಷವೇ. ಆದರೆ ಚೀಟಿ ಬಾರದ ಮಗುವಿನ ಪಾಡೇನು?

ಮೊರೆಯ ಕ್ರಮದಲ್ಲಿ ಇನ್ನೊಂದು ಅನ್ಯಾಯವೂ ಅಡಗಿದೆ. ಯಾರ ಭಾವಚಿತ್ರ ಹೆಚ್ಚು ಮನ ಕರಗಿಸುತ್ತದೆಯೋ, ಯಾರ ಬಂಧುಬಳಗ ದೊಡ್ಡದೋ ಅವರಿಗೆ ಹಣ ಬೇಗ ಸೇರುತ್ತದೆ. ಹಳ್ಳಿಯ ಕೂಲಿಕಾರನ ಮಗುವಿಗೆ ಅಷ್ಟೇ ನೋವಿದ್ದರೂ ಅದರ ದನಿ ದೂರ ಮುಟ್ಟುವುದಿಲ್ಲ. ಸರ್ವಜೀವಗಳಲ್ಲಿ ಸಮಭಾವವನ್ನು ಹೇಳುವ ಧರ್ಮಕ್ಕೆ ಈ ಭೇದ ಒಪ್ಪತಕ್ಕದ್ದಲ್ಲ.

ಒಂದು ಬಸದಿಯ ಟ್ರಸ್ಟು 16 ಕೋಟಿ ರೂಪಾಯಿಯನ್ನು ಕೊಡಲಾರದು, ನಿಜ. ಆದರೆ ಬಹುಪಾಲು ಕುಟುಂಬಗಳು ಮುಗ್ಗರಿಸುವುದು ಅದಕ್ಕಿಂತ ಬಹಳ ಮುಂಚೆ: ಮೊದಲ ತಪಾಸಣೆ, ದೂರದ ಊರಿನ ಪ್ರಯಾಣ, ಆಸ್ಪತ್ರೆಯ ಮುಂಗಡ ಹಣ, ತಂದೆಯ ನಿಂತುಹೋದ ದುಡಿಮೆ. ಇಷ್ಟಕ್ಕಾದರೂ ಪ್ರತಿ ಟ್ರಸ್ಟು ಒಂದು ಔಷಧದಾನ ನಿಧಿಯನ್ನು ಸ್ಥಾಪಿಸಬಹುದು. ಅದರ ಮೂಲಧನ ಕರಗಬಾರದು. ಬಡ್ಡಿಯೂ ಪಂಚಕಲ್ಯಾಣಾದಿ ಉತ್ಸವಗಳ ಉಳಿತಾಯದ ಒಂದು ಪಾಲೂ ಚಿಕಿತ್ಸೆಗೆ ಸಲ್ಲಬೇಕು. ಹಣ ನೇರವಾಗಿ ಆಸ್ಪತ್ರೆಗೆ ಪಾವತಿಯಾಗಬೇಕು. ಮಗುವಿನ ಚಿತ್ರ ಅಚ್ಚಾಗಬೇಕಿಲ್ಲ, ಲೆಕ್ಕ ಮಾತ್ರ ಪ್ರಕಟವಾಗಬೇಕು. ಒಂದು ಮಗುವಿಗೆಂದು ಕೂಡಿದ ಹಣ ಮಿಕ್ಕರೆ ಅದು ಮುಂದಿನ ಮಗುವಿಗೆ ಸಲ್ಲುವುದೆಂದು ಮೊದಲೇ ಸಾರಬೇಕು. ಹಣ ಕೂಡುವ ಮುನ್ನವೇ ಮಗು ಕಣ್ಮುಚ್ಚಿದರೆ, ಶೋಕದಲ್ಲಿರುವ ಪಾಲಕರಿಗೆ ಲೆಕ್ಕದ ಸಂಕಟವಾದರೂ ತಪ್ಪುತ್ತದೆ.

ಬಾಯಾರಿದ ಮೇಲೆ ಕೆರೆ ತೋಡುವುದು ವಿವೇಕವಲ್ಲ. ದಾನವೂ ಹಾಗೆಯೇ. ಬೇಡುವವನ ಕೈ ಮೇಲೇಳುವ ಮುನ್ನವೇ ಸಿದ್ಧವಾಗಿರುವುದು ದಾನದ ಶುದ್ಧ ರೂಪ.