ಕೊರೊನಾ ಕಾಲದಲ್ಲಿ ನಮ್ಮ ಹಾಲು

ಸಂಘದ 25 ವರ್ಷಗಳಲ್ಲಿ ಅಂಥ ದಿನ ನಾವು ಕಂಡಿರಲಿಲ್ಲ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಹೋಟೆಲಿಲ್ಲ, ಮದುವೆಯಿಲ್ಲ, ಪೇಟೆಯಲ್ಲಿ ಹಾಲಿಗೆ ಗಿರಾಕಿ ಕಡಿಮೆ. ಆದರೆ ಹಸುವಿಗೆ ಲಾಕ್‌ಡೌನ್ ಗೊತ್ತಾ? ಹೊತ್ತಿಗೆ ಸರಿಯಾಗಿ ಕರೆಯಲೇಬೇಕು. ಡೇರಿ ಮುಂದೆ ಸುಣ್ಣದ ಗೆರೆ ಎಳೆದು, ದೂರ ದೂರ ನಿಂತು ಹಾಲು ಹಾಕಿದೆವು. "ನಾಳೆ ಲಾರಿ ಬರುತ್ತೇನಪ್ಪಾ?" ಇದೊಂದೇ ಮಾತು.

ಲಾರಿ ಬಂತು. ಮಿಕ್ಕ ಹಾಲನ್ನು ಒಕ್ಕೂಟಗಳು ಪುಡಿ ಮಾಡಿದವು. ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹಾಲು ಕೊಂಡು ಬಡವರಿಗೆ ಪುಕ್ಕಟೆ ಹಂಚಿತು. ಅದೇ ವರ್ಷ ನಂದಿನಿ ಅರಿಶಿನ ಹಾಲೂ ಬಂತು. ಕೆಮ್ಮಿಗೆ ನಮ್ಮಜ್ಜಿಯರು ಕೊಡುತ್ತಿದ್ದುದೇ, ಈಗ ಅಂಗಡಿಯಲ್ಲಿ! ಖಾಸಗಿಯವರಿಗೆ ಹಾಲು ಹಾಕುತ್ತಿದ್ದ ನಮ್ಮೂರವರು ಕೆಲವರು ಆಗಲೇ ಬಂದು ಸಂಘದ ಷೇರು ಕೊಂಡರು.